ಸ್ವತಂತ್ರ ಬೋಟ್ ಕ್ಯಾಪ್ಟನ್‌ಗೆ ಕೆಲಸ ಸಿಗುವ ದಾರಿ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಪರವಾನಗಿ ಕೈಗೆ ಬಂದ ವಾರವೇ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿ, ಫೇಸ್‌ಬುಕ್‌ನಲ್ಲಿ ಪುಟ ತೆರೆದು, ಸಿಕ್ಕ ಗುಂಪುಗಳಲ್ಲೆಲ್ಲ ‘ಕ್ಯಾಪ್ಟನ್ ಲಭ್ಯ’ ಎಂದು ಬರೆದುಕೊಂಡು, ತಿಂಗಳುಗಟ್ಟಲೆ ಕಾದರೂ ಒಂದು ಕರೆಯೂ ಬರಲಿಲ್ಲವೆಂದು ನೊಂದುಕೊಳ್ಳುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರಿಗೆ ಬೋಟು ನಡೆಸುವ ಕೌಶಲಕ್ಕೇನೂ ಕೊರತೆಯಿಲ್ಲ. ಕೊನೆಯಲ್ಲಿ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿರುವುದೇ ಅವರ ತೊಂದರೆ.

ಬೋಟಿನ ಮಾಲೀಕರು ತಮ್ಮ ಗಳಿಕೆಯ ದೊಡ್ಡದೊಂದು ಪಾಲನ್ನು, ಎಷ್ಟೋ ಸಲ ಮನೆಮಂದಿಯ ಜೀವವನ್ನೂ, ಅಪರಿಚಿತರೊಬ್ಬರ ಕೈಗೆ ಒಪ್ಪಿಸಬೇಕಾಗುತ್ತದೆ. ಹಾಗಾಗಿ ಅವರು ಜಾಹೀರಾತು ನೋಡಿ ಕ್ಯಾಪ್ಟನ್‌ರನ್ನು ಆರಿಸುವುದು ಅಪರೂಪ. ತಾವು ನಂಬುವ ಯಾರನ್ನಾದರೂ ಮೊದಲು ಕೇಳುತ್ತಾರೆ, ಆಮೇಲೆ ತಮ್ಮ ವಿಮಾ ಕಂಪನಿಯನ್ನು ಕೇಳುತ್ತಾರೆ. ಈ ಎರಡೂ ಕಡೆಯಿಂದ ‘ಆಗಬಹುದು’ ಎಂಬ ಉತ್ತರ ಬರುವಂತೆ ಸಿದ್ಧಮಾಡಿಕೊಳ್ಳುವುದೇ ಈ ವೃತ್ತಿಯಲ್ಲಿ ಪ್ರಚಾರವೆನಿಸುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ.

## ಮೊದಲೇ ಕೈಯಲ್ಲಿರಬೇಕಾದವು

ಚಾಲ್ತಿಯಲ್ಲಿರುವ ಪರವಾನಗಿ, ವೈದ್ಯಕೀಯ ಪ್ರಮಾಣಪತ್ರ, ಸಮುದ್ರದಲ್ಲಿ ಮಾತನಾಡಲು ಬೇಕಾದ ವಿಎಚ್‌ಎಫ್ ರೇಡಿಯೊ ಬಳಸುವ ಅರ್ಹತಾಪತ್ರ, ಪ್ರಥಮ ಚಿಕಿತ್ಸೆಯ ತರಬೇತಿ ಪತ್ರ, ಪಾಸ್‌ಪೋರ್ಟ್ ಮತ್ತು ದಿನ ತಪ್ಪದೆ ಬರೆದ ಲಾಗ್ ಪುಸ್ತಕ (ಪಯಣಗಳ ದಾಖಲೆ) ಇಷ್ಟು ಕಡ್ಡಾಯವಾಗಿ ಬೇಕು. ಇವೆಲ್ಲವನ್ನೂ ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಕಡತವಾಗಿಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಇವುಗಳ ಜೊತೆಗೆ ನಿಮ್ಮದೇ ಆದ ಸ್ವಯಂ ಊದಿಕೊಳ್ಳುವ ಲೈಫ್‌ಜಾಕೆಟ್, ಹಣೆಗೆ ಕಟ್ಟುವ ದೀಪ, ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಮತ್ತು ನಕ್ಷೆಗಳಿರುವ ಟ್ಯಾಬ್ಲೆಟ್ ಇರಲಿ. ಮಾಲೀಕರ ಬೋಟಿನಲ್ಲಿರುವ ಸುರಕ್ಷಾ ಸಾಮಗ್ರಿ ಯಾವ ಸ್ಥಿತಿಯಲ್ಲಿದೆಯೆಂಬುದು ಹತ್ತಿ ನೋಡುವವರೆಗೆ ತಿಳಿಯುವುದಿಲ್ಲ.

## ಹಂತ 1: ಯಾವ ಕೆಲಸಕ್ಕೆ ದೊರೆಯುತ್ತೀರಿ ಎಂಬುದನ್ನು ನಿರ್ಧರಿಸಿ

‘ಎಲ್ಲ ಬಗೆಯ ಬೋಟುಗಳನ್ನೂ ನಡೆಸುತ್ತೇನೆ’ ಎಂದು ಬರೆದವರನ್ನು ಯಾವ ಕೆಲಸಕ್ಕೂ ಯಾರೂ ನೆನಪಿಸಿಕೊಳ್ಳುವುದಿಲ್ಲ. ಬಾಡಿಗೆ ಕ್ಯಾಪ್ಟನ್‌ರ ಕೆಲಸದಲ್ಲಿ ಹಲವು ಬಗೆಗಳಿವೆ: ಒಂದು ಬಂದರಿನಿಂದ ಇನ್ನೊಂದಕ್ಕೆ ಬೋಟು ಸಾಗಿಸಿಕೊಡುವ ಡೆಲಿವರಿ, ಪ್ರವಾಸಿಗರನ್ನು ಕರೆದೊಯ್ಯುವ ಚಾರ್ಟರ್ ಬೋಟಿನಲ್ಲಿ ಬದಲಿ ಕ್ಯಾಪ್ಟನ್, ಹೊಸದಾಗಿ ಬೋಟು ಕೊಂಡವರಿಗೆ ಅವರದೇ ಬೋಟಿನಲ್ಲಿ ತರಬೇತಿ, ಮಾರಾಟಕ್ಕೆ ಮುಂಚಿನ ಪರೀಕ್ಷಾ ಪಯಣ, ಮಾಲೀಕರು ದೂರವಿರುವಾಗ ಬೋಟಿನ ಉಸ್ತುವಾರಿ. ಕೆಲಸ ಕೊಡುವವರು ಒಂದೊಂದಕ್ಕೂ ಬೇರೆ, ಅವರ ಆತಂಕವೂ ಬೇರೆ.

ಎರಡನ್ನು ಆರಿಸಿಕೊಳ್ಳಿ. ಹೊಸಬರಿಗೆ ನನ್ನ ಸಲಹೆ ಕಡಿಮೆ ದೂರದ ಡೆಲಿವರಿ ಮತ್ತು ಹೊಸ ಮಾಲೀಕರ ತರಬೇತಿ. ತರಬೇತಿಯ ಹೊತ್ತಿನಲ್ಲಿ ಮಾಲೀಕರು ಪಕ್ಕದಲ್ಲೇ ನಿಂತು ನಿಮ್ಮ ಕೆಲಸವನ್ನು ಕಣ್ಣಾರೆ ನೋಡುತ್ತಾರೆ. ಮುಂದೆ ಬೋಟು ದೂರ ಹೋಗಬೇಕಾದಾಗ ಅವರಿಗೆ ಮೊದಲು ನೆನಪಾಗುವ ಹೆಸರು ನಿಮ್ಮದೇ ಆಗಿರುತ್ತದೆ. ಹಾಯಿದೋಣಿಯೋ ಎಂಜಿನ್ ಬೋಟೋ, ಎಷ್ಟು ಉದ್ದದವರೆಗೆ, ತೀರದಿಂದ ಎಷ್ಟು ದೂರದವರೆಗೆ ಎಂಬುದನ್ನೂ ಖಚಿತವಾಗಿ ಬರೆದಿಡಿ.

## ಹಂತ 2: ಪರವಾನಗಿಯ ಮಿತಿಯನ್ನು ಓದಿ, ಅದರೊಳಗೇ ಪ್ರಚಾರ ಮಾಡಿ

ಪ್ರತಿ ಪರವಾನಗಿಗೂ ದೂರ, ಬೋಟಿನ ಗಾತ್ರ ಮತ್ತು ಪ್ರಯಾಣಿಕರ ಸಂಖ್ಯೆಯ ಗೆರೆಗಳಿರುತ್ತವೆ. ಅಮೆರಿಕದ ಕೋಸ್ಟ್ ಗಾರ್ಡ್ ಕೊಡುವ, ‘ಸಿಕ್ಸ್ ಪ್ಯಾಕ್’ ಎಂದು ಕರೆಯಲಾಗುವ ಪರವಾನಗಿಯಲ್ಲಿ ತಪಾಸಣೆಗೆ ಒಳಪಡದ ಬೋಟುಗಳಲ್ಲಿ ಹಣ ಪಡೆದು ಗರಿಷ್ಠ 6 ಪ್ರಯಾಣಿಕರನ್ನು ಮಾತ್ರ ಕರೆದೊಯ್ಯಬಹುದು. ಅದನ್ನು ಪಡೆಯಲು 360 ದಿನಗಳ ಸಮುದ್ರಸೇವೆ (ಬೋಟಿನಲ್ಲಿ ಕೆಲಸ ಮಾಡಿದ ಅನುಭವ) ತೋರಿಸಬೇಕು, ಅದರಲ್ಲಿ ಒಂದು ಭಾಗ ಇತ್ತೀಚಿನ ವರ್ಷಗಳದ್ದಾಗಿರಬೇಕು. ಬ್ರಿಟನ್ನಿನ ಆರ್‌ವೈಎ (ರಾಯಲ್ ಯಾಟಿಂಗ್ ಅಸೋಸಿಯೇಷನ್) ಸಂಸ್ಥೆಯ ಯಾಟ್‌ಮಾಸ್ಟರ್ ಆಫ್‌ಶೋರ್ ಪರೀಕ್ಷೆಗೆ ಕನಿಷ್ಠ 50 ದಿನ ಮತ್ತು 2,500 ನಾಟಿಕಲ್ ಮೈಲಿಗಳ (ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿ.ಮೀ.) ಅನುಭವ ಬೇಕು. ಆ ಪ್ರಮಾಣಪತ್ರಕ್ಕೆ ವಾಣಿಜ್ಯ ಅನುಮೋದನೆಯ ಮೊಹರು ಬೀಳುವವರೆಗೆ ಅದರ ಬಲದ ಮೇಲೆ ಹಣಕ್ಕೆ ಕೆಲಸ ಮಾಡುವಂತಿಲ್ಲ. ಬಹಳ ಜನ ಎಡವುವುದು ಇಲ್ಲಿಯೇ.

ಅವಧಿ ಮುಗಿಯುವ ದಿನಾಂಕಗಳ ಪಟ್ಟಿ ಮಾಡಿಕೊಳ್ಳಿ. ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದವಾದ ಎಸ್‌ಟಿಸಿಡಬ್ಲ್ಯು ಅಡಿಯ ಜೀವರಕ್ಷಣೆ ಮತ್ತು ಅಗ್ನಿಶಮನ ತರಬೇತಿಗಳ ಸಾಮರ್ಥ್ಯವನ್ನು 5 ವರ್ಷಗಳಿಗೊಮ್ಮೆ ಸಾಬೀತುಪಡಿಸಬೇಕು. ಬ್ರಿಟನ್ನಿನ ಇಎನ್‌ಜಿ1 ವೈದ್ಯಕೀಯ ಪತ್ರ ಹೆಚ್ಚೆಂದರೆ 2 ವರ್ಷ ನಡೆಯುತ್ತದೆ. ಅವಧಿ ಮೀರಿದ ಒಂದೇ ಒಂದು ಕಾಗದ ಕಡತದಲ್ಲಿ ಸಿಕ್ಕಿದರೂ, ನೋಡಿದವರು ಉಳಿದ ಕಾಗದಗಳನ್ನೂ ಅನುಮಾನದಿಂದಲೇ ತಿರುವಿಹಾಕುತ್ತಾರೆ.

ಇನ್ನೊಂದು ದೇಶದ ಬಂದರಿನಲ್ಲಿ ಸಂಭಾವನೆ ಪಡೆದು ಕೆಲಸ ಮಾಡುವಾಗ ಪ್ರವಾಸಿ ವೀಸಾ ಸಾಲದೆ ಹೋಗಬಹುದು. ಒಪ್ಪಿಕೊಳ್ಳುವ ಮುನ್ನ ಆ ದೇಶದ ನಿಯಮವನ್ನು ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

## ಹಂತ 3: ಅನುಭವವನ್ನು ಒಂದೇ ಪುಟಕ್ಕೆ ಇಳಿಸಿ

ಉದ್ಯೋಗಕ್ಕೆ ಅರ್ಜಿ ಹಾಕುವಾಗ ಬರೆಯುವ ಬಯೋಡೇಟಾ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ‘ಸಮುದ್ರವೆಂದರೆ ಪ್ರಾಣ’ ಎಂಬಂಥ ವಾಕ್ಯಗಳನ್ನು ತೆಗೆದುಹಾಕಿ. ಓದುವವರಿಗೆ ಬೇಕಿರುವುದು ಯಾವ ಬೋಟು, ಎಷ್ಟು ದೂರ, ಯಾವ ಜವಾಬ್ದಾರಿಯಲ್ಲಿ, ಯಾವಾಗ ಎಂಬ ನಾಲ್ಕು ಸಂಗತಿಗಳು. ಒಂದು ಸಾಲು ಹೀಗಿರಲಿ:

*2024 ಮೇ 4ರಿಂದ 9. 12 ಮೀಟರ್ ಹಾಯಿದೋಣಿ, ಒಂದು ಡೀಸೆಲ್ ಎಂಜಿನ್. 410 ನಾಟಿಕಲ್ ಮೈಲಿ. ಕ್ಯಾಪ್ಟನ್; ಜೊತೆಗೆ ಇಬ್ಬರು ಸಿಬ್ಬಂದಿ. ಎರಡು ರಾತ್ರಿಗಳ ನಿರಂತರ ಪಯಣ.*

ಇಂಥ ಹತ್ತು ಹನ್ನೆರಡು ಸಾಲುಗಳು, ಅವುಗಳ ಮೇಲೆ ಪರವಾನಗಿಗಳ ವಿವರ, ಕೆಳಗೆ ನಿಮ್ಮ ಬಗ್ಗೆ ಮಾತನಾಡಬಲ್ಲ ಮೂವರ ಹೆಸರು ಮತ್ತು ಫೋನ್ ಸಂಖ್ಯೆ ಸಾಕು. ಆ ಮೂವರ ಅನುಮತಿಯನ್ನು ಮೊದಲೇ ಕೇಳಿರಿ, ಮತ್ತು ಹೊಸ ಕರೆ ಬರಬಹುದೆಂದಾಗಲೆಲ್ಲ ಅವರಿಗೆ ತಿಳಿಸಿಡಿ. ಯಾರದೋ ಕರೆ ಬಂದು ‘ಯಾವ ಕ್ಯಾಪ್ಟನ್?’ ಎಂದು ಅವರೇ ಕೇಳುವಂತಾದರೆ ಆ ಕೆಲಸ ಕೈತಪ್ಪಿದಂತೆಯೇ. ಮಾಲೀಕರ ಜೊತೆ ಸಿಬ್ಬಂದಿಯಾಗಿ ಹೋದ ಪಯಣವನ್ನು ಕ್ಯಾಪ್ಟನ್ ಆಗಿ ಹೋದೆನೆಂದು ಬರೆಯುವ ಆಸೆಗೆ ಬೀಳಬೇಡಿ. ಬಂದರುಗಳ ಲೋಕ ಚಿಕ್ಕದು, ಒಂದು ಫೋನ್ ಕರೆಗೆ ನಿಜ ಹೊರಬೀಳುತ್ತದೆ.

ಪ್ರತಿ ಪಯಣದ ಕೊನೆಯ ದಿನವೇ ಮಾಲೀಕರಿಂದ ಸಮುದ್ರಸೇವೆಯ ಪತ್ರಕ್ಕೆ ಸಹಿ ಪಡೆಯಿರಿ. ಬೋಟು ಮಾರಾಟವಾಗಿ ಮಾಲೀಕರು ಸಂಪರ್ಕಕ್ಕೆ ಸಿಗದಂತಾದ ಮೇಲೆ ಆ ಸಹಿ ಪಡೆಯುವುದು ಬಹಳ ಕಷ್ಟ.

## ಹಂತ 4: ವಿಮಾ ಕಂಪನಿಗೆ ಒಪ್ಪಿಗೆಯಾಗುವ ಕಡತ ಸಿದ್ಧಪಡಿಸಿ

ಇದು ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವ ಹಂತ, ಮತ್ತು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಅನೇಕ ಬೋಟು ವಿಮೆಗಳಲ್ಲಿ ಯಾರು ಬೋಟು ನಡೆಸಬಹುದೆಂಬುದನ್ನು ಹೆಸರಿಸಿರುತ್ತಾರೆ. ಹೊಸ ಕ್ಯಾಪ್ಟನ್ ಬಂದರೆ ಅವರ ಅನುಭವದ ವಿವರ ಕೇಳುತ್ತಾರೆ. ಬೋಟು ಯಾವ ನೀರಿನ ವ್ಯಾಪ್ತಿಯಲ್ಲಿ ಇರಬೇಕು, ಯಾವ ತಿಂಗಳುಗಳಲ್ಲಿ ಎಲ್ಲಿ ಇರಬಾರದು ಎಂಬ ಷರತ್ತುಗಳೂ ಇರುತ್ತವೆ. ಅಟ್ಲಾಂಟಿಕ್ ಸಾಗರದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗಿನ ಚಂಡಮಾರುತದ ಋತುವಿಗೆ ಇಂಥ ನಿರ್ಬಂಧ ಹಾಕುವುದು ವಾಡಿಕೆ. ಈ ಷರತ್ತುಗಳನ್ನು ಮೀರಿದ ಪಯಣದಲ್ಲಿ ಬೋಟಿಗೆ ಏನಾದರೂ ಆದರೆ ಪರಿಹಾರ ನಿರಾಕರಿಸಲ್ಪಡಬಹುದು, ಆಗ ಎಲ್ಲರ ಬೆರಳೂ ಕ್ಯಾಪ್ಟನ್ ಕಡೆಗೇ ತಿರುಗುತ್ತದೆ.

ಆದ್ದರಿಂದ ಮಾಲೀಕರು ಕೇಳುವ ಮುನ್ನವೇ ನೀವೇ ಹೇಳಿ: ‘ತಮ್ಮ ವಿಮಾ ಕಂಪನಿಗೆ ಕಳುಹಿಸಲು ನನ್ನ ವಿವರಗಳ ಕಡತ ಇಲ್ಲಿದೆ, ಅವರ ಒಪ್ಪಿಗೆ ಬರಹದಲ್ಲಿ ಬಂದ ಮೇಲೆ ದಿನಾಂಕ ಗೊತ್ತುಮಾಡೋಣ.’ ಈ ಒಂದು ಮಾತು ನಿಮ್ಮನ್ನು ಉಳಿದ ಅರ್ಜಿದಾರರಿಂದ ಬೇರೆಯಾಗಿ ನಿಲ್ಲಿಸುತ್ತದೆ, ಏಕೆಂದರೆ ಮಾಲೀಕರಿಗೆ ತಾವೇ ಮಾಡಬೇಕಿದ್ದ ಒಂದು ಕೆಲಸ ಕಡಿಮೆಯಾಗುತ್ತದೆ. ಕಡತದಲ್ಲಿ ಅನುಭವದ ಪುಟ, ಪರವಾನಗಿಗಳ ಪ್ರತಿ, ಹಿಂದೆ ಆದ ಅಪಘಾತ ಅಥವಾ ಪರಿಹಾರ ಕೋರಿಕೆಗಳ ಪ್ರಾಮಾಣಿಕ ಹೇಳಿಕೆ ಇರಬೇಕು. ಇದ್ದದ್ದನ್ನು ಮುಚ್ಚಿಟ್ಟರೆ ವಿಮೆಯೇ ಊರ್ಜಿತವಾಗದೆ ಹೋಗುವ ಅಪಾಯವಿದೆ.

ನಿಮ್ಮ ಸ್ವಂತ ಹೊಣೆಗಾರಿಕೆಗೂ ವಿಮೆ ಮಾಡಿಸುವುದರ ಬಗ್ಗೆ ವಿಚಾರಿಸಿ. ಅದು ಸಾಧ್ಯವಾಗದಿದ್ದಾಗ, ಆ ಪಯಣದ ಮಟ್ಟಿಗೆ ಮಾಲೀಕರ ವಿಮೆಯಲ್ಲಿ ನಿಮ್ಮ ಹೆಸರನ್ನು ಸೇರಿಸುವಂತೆ ಕೇಳಿ.

## ಹಂತ 5: ಸಂಭಾವನೆಯನ್ನು ಲೆಕ್ಕದಿಂದ ಹೇಳಿ

ಡೆಲಿವರಿಗೆ ದಿನದ ಲೆಕ್ಕ, ಮೈಲಿಯ ಲೆಕ್ಕ, ಒಟ್ಟು ಗುತ್ತಿಗೆ ಎಂಬ ಮೂರು ಪದ್ಧತಿಗಳಿವೆ. ಮಾಲೀಕರಿಗೆ ಒಟ್ಟು ಗುತ್ತಿಗೆ ಇಷ್ಟ. ಆದರೆ ಹವಾಮಾನ ಕೆಟ್ಟು ಬಂದರಿನಲ್ಲಿ ಕುಳಿತ ಪ್ರತಿ ದಿನವೂ ಕ್ಯಾಪ್ಟನ್‌ರ ಜೇಬಿನಿಂದ ಹೋಗುವುದರಿಂದ, ಹೊರಡಬಾರದ ದಿನ ಹೊರಡುವ ಪ್ರಲೋಭನೆಯನ್ನು ಅದು ತಂದೊಡ್ಡುತ್ತದೆ. ಹೊಸಬರು ದಿನದ ಲೆಕ್ಕವನ್ನೇ ಹಿಡಿಯಬೇಕು, ಮತ್ತು ಅದರ ಕಾರಣವನ್ನು ಮಾಲೀಕರಿಗೆ ಇದೇ ಮಾತಿನಲ್ಲಿ ವಿವರಿಸಬೇಕು.

ದಿನಗಳ ಅಂದಾಜು ಹೀಗೆ ಮಾಡಿ. ದೂರ 600 ನಾಟಿಕಲ್ ಮೈಲಿ, ಬೋಟಿನ ಸರಾಸರಿ ವೇಗ 6 ನಾಟ್ (ಗಂಟೆಗೆ 6 ನಾಟಿಕಲ್ ಮೈಲಿ) ಎಂದುಕೊಳ್ಳೋಣ. ಹಗಲು ರಾತ್ರಿ ನಡೆಸಿದರೆ 100 ಗಂಟೆ, ಅಂದರೆ ನಾಲ್ಕು ದಿನಕ್ಕೆ ಸ್ವಲ್ಪ ಹೆಚ್ಚು. ಇದಕ್ಕೆ ಸರದಿಯಲ್ಲಿ ಕಾವಲು ನಿಲ್ಲಬಲ್ಲ ಸಿಬ್ಬಂದಿ ಬೇಕು. ಹಗಲಿನಲ್ಲಿ ಹತ್ತು ಗಂಟೆ ಮಾತ್ರ ನಡೆಸಿ ಪ್ರತಿ ರಾತ್ರಿ ತಂಗುವುದಾದರೆ ದಿನಕ್ಕೆ 60 ಮೈಲಿಯಂತೆ ಹತ್ತು ದಿನ ಹಿಡಿಯುತ್ತದೆ, ಸಿಬ್ಬಂದಿಯ ಖರ್ಚು ಕಡಿಮೆಯಾಗುತ್ತದೆ, ಬಂದರು ಶುಲ್ಕ ಏರುತ್ತದೆ. ಎರಡನ್ನೂ ಅಕ್ಕಪಕ್ಕ ಬರೆದು, ಬೋಟು ಪರಿಶೀಲನೆಗೆ ಒಂದು ದಿನವನ್ನೂ ಹವಾಮಾನಕ್ಕೆ ಕೆಲವು ದಿನಗಳನ್ನೂ ಸೇರಿಸಿ ಕಳುಹಿಸಿ. ಲೆಕ್ಕ ಬಿಡಿಸಿ ತೋರಿಸುವ ಕ್ಯಾಪ್ಟನ್ ಜೊತೆ ಚೌಕಾಸಿ ಮಾಡುವವರು ಕಡಿಮೆ.

ಇಂಧನ, ಬಂದರು ಶುಲ್ಕ, ಊಟ, ಹೋಗಿಬರುವ ಪ್ರಯಾಣ, ದಾರಿಯಲ್ಲಿ ಕೆಟ್ಟ ಬಿಡಿಭಾಗ ಇವೆಲ್ಲ ಮಾಲೀಕರ ಖರ್ಚು. ಇವುಗಳಿಗೆ ಸಂಭಾವನೆಯಿಂದ ಬೇರೆಯಾಗಿ ಮುಂಗಡ ಪಡೆದು, ಪ್ರತಿ ರಸೀದಿಯನ್ನೂ ಅಂದೇ ಫೋಟೊ ತೆಗೆದಿಡಿ. ಕೆಲಸ ಹಿಡಿಯಬೇಕೆಂದು ಎಲ್ಲರಿಗಿಂತ ಕಡಿಮೆ ದರ ಹೇಳುವುದು ದೊಡ್ಡ ತಪ್ಪು. ಅಗ್ಗವೆಂದು ಕರೆಸಿಕೊಂಡವರು ಮುಂದಿನ ಸಲ ಇನ್ನೂ ಅಗ್ಗದವರನ್ನು ಹುಡುಕುತ್ತಾರೆ. ನಿಮ್ಮನ್ನು ಇತರರಿಗೆ ಹೇಳುವಾಗಲೂ ಅದೇ ದರವನ್ನು ಹೇಳುತ್ತಾರೆ.

## ಹಂತ 6: ಮಾಲೀಕರು ಯಾರನ್ನು ಕೇಳುತ್ತಾರೋ ಅವರನ್ನು ಭೇಟಿಯಾಗಿ

ಬೋಟು ಕೊಂಡವರಿಗೆ ಕ್ಯಾಪ್ಟನ್ ಬೇಕೆನಿಸುವುದು ಕೆಲವೇ ಸಂದರ್ಭಗಳಲ್ಲಿ: ಬೋಟು ಕೈಬದಲಾದಾಗ, ರಿಪೇರಿಗೆ ಹೋಗಬೇಕಾದಾಗ, ಋತು ಬದಲಾಗಿ ಬಂದರು ಬದಲಿಸಬೇಕಾದಾಗ, ಮಾಲೀಕರ ಆರೋಗ್ಯವೋ ಬಿಡುವೋ ಕೈಕೊಟ್ಟಾಗ. ಆ ಕ್ಷಣಗಳಲ್ಲಿ ಅವರ ಪಕ್ಕದಲ್ಲಿರುವವರು ಬೋಟು ಮಾರುವ ಬ್ರೋಕರ್, ತಪಾಸಣೆ ಮಾಡುವ ಸರ್ವೇಯರ್, ಬೋಟ್‌ಯಾರ್ಡಿನ ಮೇಲ್ವಿಚಾರಕರು, ಎಂಜಿನ್ ಮೆಕ್ಯಾನಿಕ್ ಮತ್ತು ಬೋಟುಗಳು ತಂಗುವ ಮರೀನಾದ ಕಚೇರಿಯವರು. ನಿಮ್ಮ ಕಾರ್ಡ್ ಇರಬೇಕಾದದ್ದು ಈ ಐವರ ಮೇಜಿನ ಮೇಲೆ.

ಭೇಟಿಗೆ ವಾರದ ನಡುವಿನ ದಿನದ ಬೆಳಗ್ಗೆ ಹೋಗಿ. ವಾರಾಂತ್ಯದಲ್ಲಿ ಅವರಿಗೆ ಪುರುಸೊತ್ತಿರುವುದಿಲ್ಲ. ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಒಂದು ಪುಟದ ವಿವರ ಕೊಟ್ಟು, ಯಾವ ಎರಡು ಬಗೆಯ ಕೆಲಸ ಮಾಡುತ್ತೀರೆಂದು ಹೇಳಿ, ‘ತಮ್ಮ ಪರೀಕ್ಷಾ ಪಯಣಕ್ಕೆ ಕೊನೇ ಗಳಿಗೆಯಲ್ಲಿ ಯಾರೂ ಸಿಗದಿದ್ದರೆ ಕರೆಯಿರಿ’ ಎಂದು ಹೇಳಿ ಹೊರಡಿ. ಬ್ರೋಕರ್‌ಗಳಿಗೆ ಈ ತೊಂದರೆ ಆಗಾಗ ಬರುತ್ತಿರುತ್ತದೆ, ಮತ್ತು ಅರ್ಧ ದಿನದ ಆ ಚಿಕ್ಕ ಕೆಲಸದಲ್ಲಿ ಮಾಲೀಕರು, ಕೊಳ್ಳುವವರು, ಸರ್ವೇಯರ್, ಮೆಕ್ಯಾನಿಕ್ ಎಲ್ಲರೂ ಒಂದೇ ಬೋಟಿನಲ್ಲಿ ನಿಮ್ಮನ್ನು ನೋಡುತ್ತಾರೆ.

ಗಮನಿಸುವ ಕಣ್ಣುಗಳು ಅಲ್ಲಿಗೇ ಮುಗಿಯುವುದಿಲ್ಲ. ಅಡ್ಡಗಾಳಿಯಲ್ಲಿ ಬೋಟನ್ನು ಕಟ್ಟೆಗೆ ತರುವಾಗ ಹಗ್ಗ, ಫೆಂಡರುಗಳನ್ನು (ಕಟ್ಟೆಗೆ ಉಜ್ಜದಂತೆ ಬೋಟಿನ ಬದಿಗೆ ಕಟ್ಟುವ ಮೆತ್ತೆಗಳನ್ನು) ಮೊದಲೇ ಸಿದ್ಧಮಾಡಿಸಿ, ನಿಧಾನವಾಗಿ ಬಂದು, ಸರಿಹೋಗಲಿಲ್ಲವೆನಿಸಿದರೆ ಕೂಗಾಟವಿಲ್ಲದೆ ಹಿಂದೆ ಸರಿದು ಇನ್ನೊಮ್ಮೆ ಬರುವವರನ್ನು ಮರೀನಾದ ಸಿಬ್ಬಂದಿ ಗುರುತಿಟ್ಟುಕೊಳ್ಳುತ್ತಾರೆ. ಸಿಬ್ಬಂದಿಯ ಮೇಲೆ ಕಿರುಚುವವರನ್ನೂ ಅಷ್ಟೇ ಚೆನ್ನಾಗಿ ಗುರುತಿಟ್ಟುಕೊಳ್ಳುತ್ತಾರೆ.

ಆನ್‌ಲೈನ್ ಕೆಲಸ ಇದಾದ ಮೇಲೆ. ಹೆಸರು, ಪರವಾನಗಿ, ಕೆಲಸದ ಬಗೆ, ಸಂಪರ್ಕ, ಬಿಡುವಿನ ದಿನಾಂಕಗಳಿರುವ ಒಂದು ಪುಟ, ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ನಮೂದು ಸಾಕು. ಚಿತ್ರಗಳಲ್ಲಿ ಸೂರ್ಯಾಸ್ತ ಬೇಡ. ಒರೆಸಿಟ್ಟ ಎಂಜಿನ್ ಕೋಣೆ, ಸರಿಯಾಗಿ ಸುತ್ತಿಟ್ಟ ಹಗ್ಗ, ನೀವು ಚುಕ್ಕಾಣಿಯಲ್ಲಿರುವ ನೋಟ ಇರಲಿ. ಮಾಲೀಕರ ಒಪ್ಪಿಗೆಯಿಲ್ಲದೆ ಅವರ ಬೋಟಿನ ಹೆಸರಾಗಲಿ ಅತಿಥಿಗಳ ಮುಖವಾಗಲಿ ಕಾಣಬಾರದು.

## ಹಂತ 7: ವಿಚಾರಣೆ ಬಂದಾಗ ದರಕ್ಕಿಂತ ಮೊದಲು ಪ್ರಶ್ನೆ ಕಳುಹಿಸಿ

ಕರೆ ಬಂದ ಸಂತೋಷದಲ್ಲಿ ಒಡನೆಯೇ ದರ ಹೇಳಿ ‘ಬರುತ್ತೇನೆ’ ಎಂದುಬಿಡುವುದು ಸಾಮಾನ್ಯ ತಪ್ಪು. ಅದೇ ದಿನ ಉತ್ತರಿಸಿ, ಆದರೆ ಉತ್ತರ ಹೀಗಿರಲಿ:

*‘ನಮಸ್ಕಾರ. ತಾವು ಹೇಳಿದ ದಿನಗಳಲ್ಲಿ ನನಗೆ ಬಿಡುವಿದೆ. ಖಚಿತ ಅಂದಾಜು ಕಳುಹಿಸಲು ಕೆಲವು ವಿವರಗಳು ಬೇಕು. ಬೋಟಿನ ಮಾದರಿ, ಉದ್ದ, ತಯಾರಾದ ವರ್ಷ ಯಾವುದು? ಕೊನೆಯ ಸಲ ಬಂದರು ಬಿಟ್ಟು ಹೊರಟದ್ದು ಯಾವಾಗ? ಎಂಜಿನ್ ಎಷ್ಟು ಗಂಟೆ ಓಡಿದೆ, ಕೊನೆಯ ಸರ್ವಿಸ್ ಎಂದು ಆಗಿದೆ? ಲೈಫ್‌ರಾಫ್ಟಿನ (ತುರ್ತು ತೆಪ್ಪದ) ತಪಾಸಣೆಯ ದಿನಾಂಕ ಏನಿದೆ? ತಾವೂ ಜೊತೆಗೆ ಬರುತ್ತೀರಾ?’*

ಎರಡನೆಯ ಪ್ರಶ್ನೆಗೆ ವಿಶೇಷ ಗಮನ ಕೊಡಿ. ಬಹುಕಾಲ ಕಟ್ಟೆಯಲ್ಲೇ ನಿಂತ ಬೋಟಿನ ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರೂ ಕೆಸರೂ ಸೇರಿರುತ್ತವೆ. ಹೊರಗಿನ ಅಲೆಗೆ ಬೋಟು ಹೊಯ್ದಾಡಿದಾಗ ಅದು ಕದಡಿ ಫಿಲ್ಟರ್ ಕಟ್ಟಿ, ಎಂಜಿನ್ ನಿಲ್ಲಬಾರದ ಜಾಗದಲ್ಲಿ ನಿಲ್ಲುತ್ತದೆ. ಎಂಜಿನ್ ತಂಪಾಗಿಡುವ ನೀರನ್ನು ಎತ್ತುವ ಪಂಪಿನ ರಬ್ಬರ್ ಇಂಪೆಲ್ಲರ್ (ಒಳಗೆ ತಿರುಗುವ ಚಕ್ರ) ಕೂಡ ನಿಂತಲ್ಲೇ ಗಟ್ಟಿಯಾಗಿ ಒಡೆಯುತ್ತದೆ. ಇಂಥ ಬೋಟಿಗೆ ಹೆಚ್ಚುವರಿ ಫಿಲ್ಟರುಗಳು, ಇಂಪೆಲ್ಲರ್ ಮತ್ತು ಒಂದು ದಿನದ ಪರೀಕ್ಷಾ ಓಟ ಬೇಕೆಂದು ಅಂದಾಜಿನಲ್ಲೇ ಬರೆಯಿರಿ. ಹೀಗೆ ಕೇಳುವವರಿಗೆ ಕೆಲಸ ಗೊತ್ತಿದೆಯೆಂದು ಮಾಲೀಕರಿಗೆ ತಾನಾಗಿ ಮನವರಿಕೆಯಾಗುತ್ತದೆ.

## ಹಂತ 8: ಕರಾರಿಲ್ಲದೆ ಹಗ್ಗ ಬಿಚ್ಚಬೇಡಿ

ಎರಡು ಪುಟದ ಕರಾರು ಸಾಕು: ಯಾವ ಬೋಟು, ಎಲ್ಲಿಂದ ಎಲ್ಲಿಗೆ, ದಿನದ ದರ, ಖರ್ಚಿನ ಮುಂಗಡ, ವಿಮೆಯ ವಿವರ, ರದ್ದಾದರೆ ಏನು, ದಾರಿಯಲ್ಲಿ ಕೆಟ್ಟರೆ ಎಷ್ಟು ಮೊತ್ತದವರೆಗೆ ಕೇಳದೆ ರಿಪೇರಿ ಮಾಡಿಸಬಹುದು. ಹೊರಡುವ, ನಿಲ್ಲುವ, ಹಿಂತಿರುಗುವ ತೀರ್ಮಾನ ಕ್ಯಾಪ್ಟನ್‌ರದ್ದೇ ಎಂಬ ವಾಕ್ಯ ಅದರಲ್ಲಿ ಇರಲೇಬೇಕು. ಮಾಲೀಕರು ಬೋಟಿನಲ್ಲಿದ್ದು ‘ಹೋಗೋಣ ನಡೀರಿ’ ಎಂದು ಒತ್ತಾಯಿಸುವ ದಿನ ನಿಮ್ಮನ್ನು ಕಾಯುವ ವಾಕ್ಯ ಅದು.

ನೋಂದಣಿ ಪತ್ರ ಮತ್ತು ಮಾಲೀಕರ ಸಹಿಯಿರುವ ಅಧಿಕಾರ ಪತ್ರದ ಮೂಲ ಪ್ರತಿಗಳು ಬೋಟಿನಲ್ಲಿರಬೇಕು. ಸಂಭಾವನೆಯ ಅರ್ಧವನ್ನು ಹೊರಡುವ ಮುನ್ನ, ಉಳಿದದ್ದನ್ನು ತಲುಪಿದ ದಿನ ಪಡೆಯಿರಿ.

## ದೂರವಿರಬೇಕಾದ ಎಚ್ಚರಿಕೆಯ ಚಿಹ್ನೆಗಳು

ಕೆಲಸ ಕೊಡಿಸುತ್ತೇವೆಂದು ನೋಂದಣಿ ಶುಲ್ಕ ಕೇಳುವ ಏಜೆಂಟರಿಂದ ದೂರವಿರಿ. 2006ರ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ನೇಮಕಾತಿಗಾಗಿ ನಾವಿಕರಿಂದ ಶುಲ್ಕ ವಸೂಲಿ ಮಾಡುವಂತಿಲ್ಲ. ವೈದ್ಯಕೀಯ ಪತ್ರ, ನಾವಿಕರ ಪುಸ್ತಕ ಮತ್ತು ಪಾಸ್‌ಪೋರ್ಟಿನಂಥ ಪ್ರಯಾಣ ದಾಖಲೆಗಳ ವೆಚ್ಚ ಮಾತ್ರ ನಾವಿಕರ ಪಾಲಿಗೆ ಬರಬಹುದು.

ಒಪ್ಪಿದ್ದಕ್ಕಿಂತ ಹೆಚ್ಚಿನ ಮೊತ್ತದ ಚೆಕ್ ಕಳುಹಿಸಿ ‘ಉಳಿದದ್ದನ್ನು ಇನ್ನೊಬ್ಬರಿಗೆ ವರ್ಗಾಯಿಸಿ’ ಎನ್ನುವವರು ಮೋಸಗಾರರು. ಆ ಚೆಕ್ ಕೆಲವು ದಿನಗಳ ಮೇಲೆ ಖೋಟಾ ಎಂದು ವಾಪಸಾಗುತ್ತದೆ, ಅಷ್ಟರಲ್ಲಿ ನಿಮ್ಮ ಹಣ ಹೋಗಿರುತ್ತದೆ.

ಮಾಲೀಕತ್ವದ ಕಾಗದ ತೋರಿಸಲು ಹಿಂಜರಿಯುವುದು, ನಾಳೆಯೇ ಹೊರಡಬೇಕೆಂಬ ಅವಸರ, ಮಾರುಕಟ್ಟೆಗಿಂತ ಬಹಳ ಹೆಚ್ಚಿನ ದರ, ತೆರೆದು ನೋಡಬಾರದ ಪೆಟ್ಟಿಗೆ ಇವುಗಳಲ್ಲಿ ಒಂದು ಕಂಡರೂ ಬೋಟು ಹತ್ತಬೇಡಿ. ಕಳ್ಳಸಾಗಣೆಯ ಸರಕು ಸಿಕ್ಕಾಗ ಮೊದಲು ಬಂಧನಕ್ಕೊಳಗಾಗುವವರು ಬೋಟು ನಡೆಸುತ್ತಿದ್ದವರು. ‘ವಿಮೆಗೆ ತಿಳಿಸುವುದು ಬೇಡ’ ಎನ್ನುವ ಮಾಲೀಕರನ್ನೂ ಇದೇ ಪಟ್ಟಿಗೆ ಸೇರಿಸಿಕೊಳ್ಳಿ.

## ಹಂತ 9: ಬೋಟು ಒಪ್ಪಿಸುವ ರೀತಿಯಿಂದ ಮುಂದಿನ ಕೆಲಸ ಗಳಿಸಿ

ಪಯಣದಲ್ಲಿರುವಾಗ ಪ್ರತಿದಿನ ಗೊತ್ತಾದ ಹೊತ್ತಿಗೆ ಒಂದು ಸಂದೇಶ ಕಳುಹಿಸಿ: ಬೋಟು ಇರುವ ಸ್ಥಳ, ಉಳಿದಿರುವ ದೂರ, ಇಂಧನ, ನಾಳೆಯ ಹವಾಮಾನ, ಇದ್ದರೆ ತೊಂದರೆ. ನೆಟ್‌ವರ್ಕ್ ಸಿಗದ ದಿನಗಳನ್ನು ಮುಂಚಿತವಾಗಿ ತಿಳಿಸಿ, ಇಲ್ಲದಿದ್ದರೆ ಮಾಲೀಕರು ರಾತ್ರಿಯಿಡೀ ನಿದ್ದೆಗೆಡುತ್ತಾರೆ. ಏನಾದರೂ ಮುರಿದರೆ ಅಂದೇ, ಫೋಟೊ ಸಮೇತ, ನೀವಾಗಿಯೇ ಹೇಳಿ.

ತಲುಪಿದ ಮೇಲೆ ಬೋಟನ್ನು ತೊಳೆದು, ಬಿಲ್ಜ್ (ನೀರು ಸೇರುವ ಬೋಟಿನ ಒಳತಳ) ಒಣಗಿಸಿ, ಕಸ ಹೊರಹಾಕಿ, ಹೊರಟಾಗಿನ ಮತ್ತು ತಲುಪಿದಾಗಿನ ಎಂಜಿನ್ ಗಂಟೆ, ತುಂಬಿಸಿದ ಇಂಧನ, ಮಾಡಿಸಿದ ರಿಪೇರಿ, ಬೇಗ ಗಮನಿಸಬೇಕಾದ ದೋಷಗಳಿರುವ ಎರಡು ಪುಟದ ವರದಿಯನ್ನು ರಸೀದಿಗಳೊಂದಿಗೆ ಕೊಡಿ. ಈ ವರದಿಯನ್ನು ಮಾಲೀಕರು ತಮ್ಮ ಮೆಕ್ಯಾನಿಕ್‌ಗೂ, ಮುಂದೆ ಬೋಟು ಮಾರುವಾಗ ಬ್ರೋಕರ್‌ಗೂ ತೋರಿಸುತ್ತಾರೆ. ಅದರ ಮೇಲೆ ನಿಮ್ಮ ಹೆಸರೂ ಫೋನ್ ಸಂಖ್ಯೆಯೂ ಇರಲಿ. ಸಮುದ್ರಸೇವೆಯ ಪತ್ರಕ್ಕೆ ಸಹಿ, ಎರಡು ಸಾಲಿನ ಅಭಿಪ್ರಾಯ ಕೇಳಬೇಕಾದ್ದು ಕೂಡ ಇದೇ ಹೊತ್ತಿನಲ್ಲಿ.

ಆಮೇಲೆ ಆ ಬೋಟನ್ನು ನಿಮ್ಮ ಕ್ಯಾಲೆಂಡರಿಗೆ ಸೇರಿಸಿಕೊಳ್ಳಿ. ಮೆಡಿಟರೇನಿಯನ್ನಿನಲ್ಲಿ ಬೇಸಿಗೆ ಕಳೆದ ಅನೇಕ ಯಾಟ್‌ಗಳು ಚಳಿಗಾಲಕ್ಕೆ ಕೆರಿಬಿಯನ್ ಕಡೆ ಹೊರಡುವಂತೆ, ಪ್ರತಿ ನೀರಿನಲ್ಲೂ ಬೋಟುಗಳು ಜಾಗ ಬದಲಿಸುವ ತಿಂಗಳುಗಳಿರುತ್ತವೆ. ಆ ತಿಂಗಳಿಗೆ ಎಂಟು ವಾರ ಮುಂಚೆ, ಹಳೆಯ ಮಾಲೀಕರಿಗೆ ಅವರ ಬೋಟಿನ ವರದಿಯಲ್ಲಿ ನೀವೇ ಬರೆದಿದ್ದ ದೋಷವೊಂದನ್ನು ಉಲ್ಲೇಖಿಸಿ, ಅದು ಸರಿಹೋಯಿತೇ ಎಂದು ಕೇಳಿ, ನಿಮಗೆ ಬಿಡುವಿರುವ ದಿನಾಂಕಗಳನ್ನು ಕೊನೆಯ ಸಾಲಿನಲ್ಲಿ ಬರೆದು ಕಳುಹಿಸಿ.